ಉಳಿದ ಕಾಗದ, ಅಳಿದ ಕಂಠ

ಭಾರತದ ಶ್ರೋತೃಗಳಿಗಾಗಿಯೇ ಎರಡು ವರ್ಷಗಳಿಗೂ ಮೀರಿ ಬಾನುಲಿಯ ಕಾರ್ಯವನ್ನು ನಡೆಸಿದ ಆಂಗ್ಲ ಗ್ರಂಥಕರ್ತರೊಬ್ಬರ ಕಂಠಧ್ವನಿಯು ಇದುವರೆಗೆ ಎಲ್ಲಿಯೂ ದೊರೆತಿಲ್ಲವೆಂಬುದು ವಿಷಾದಕರವಾದ ಸಂಗತಿಯಾಗಿದೆ. 1903ರಲ್ಲಿ ಈಗಿನ ಬಿಹಾರದ ಮೋತಿಹಾರಿಯಲ್ಲಿ ಜನಿಸಿ, 1950ರಲ್ಲಿ ಲಂಡನ್ನಿನಲ್ಲಿ ನಿಧನರಾದ ಜಾರ್ಜ್ ಆರ್ವೆಲ್ಲರೇ ಆ ಗ್ರಂಥಕರ್ತರು. 1941ರ ಆಗಸ್ಟಿನಿಂದ 1943ರ ನವೆಂಬರಿನವರೆಗೆ ಅವರು ಬಿ.ಬಿ.ಸಿ.ಯ ಪೌರಸ್ತ್ಯ ವಿಭಾಗದಲ್ಲಿದ್ದು, ಯುದ್ಧವಾರ್ತೆಗಳ ಸಾಪ್ತಾಹಿಕ ವಿಮರ್ಶೆಗಳನ್ನು ಬರೆದರು. ಮೊದಲು ಅನ್ಯರು ಓದುತ್ತಿದ್ದ ಇವನ್ನು 1942ರ ಕೊನೆಯ ತಿಂಗಳುಗಳಿಂದ ಸ್ವನಾಮದಲ್ಲಿ ತಾವೇ ಓದಿದರು.

ನಮ್ಮ ನಾಯಕರು ಸೆರೆಮನೆಯಲ್ಲಿದ್ದ ಆ ಕಾಲದಲ್ಲಿ, ಯುದ್ಧವಿಷಯದಲ್ಲಿ ಬ್ರಿಟನ್ನಿನ ಪಕ್ಷವನ್ನು ನಮಗೆ ತಿಳಿಹೇಳುವುದೇ ಆ ವಿಭಾಗದ ಉದ್ದೇಶವಾಗಿದ್ದಿತು. ಆರ್ವೆಲ್ಲರಾದರೋ ನಮ್ಮ ಸ್ವಾತಂತ್ರ್ಯವನ್ನು ಬಯಸಿದವರು. ಇಂತಹ ಇಕ್ಕಟ್ಟಿನಲ್ಲಿ ಅವರು ಯಾವ ಸ್ವರದಿಂದ ಮಾತನಾಡಿದರು, ಎಲ್ಲಿ ತಡೆದರು, ಎಲ್ಲಿ ಒತ್ತಿ ನುಡಿದರು ಎಂಬುದನ್ನು ಅಕ್ಷರಗಳು ತಿಳಿಸಲಾರವು.

ಅಕ್ಷರಗಳೇನೋ ಉಳಿದಿವೆ. ಸೆನ್ಸಾರಿನ ಮುದ್ರೆಯೊತ್ತಿದ ಅವರ ಭಾಷಣಪ್ರತಿಗಳು ಬಿ.ಬಿ.ಸಿ.ಯ ದಫ್ತರದಲ್ಲಿ ಪತ್ತೆಯಾಗಿ, 1985ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು. 1937ರಲ್ಲಿ ಸ್ಪೇನಿನ ಯುದ್ಧದಲ್ಲಿ ಗುಂಡು ಗಂಟಲನ್ನು ಭೇದಿಸಿ ಅವರ ಧ್ವನಿಯು ಕುಂದಿದ್ದಿತು. ಆ ಧ್ವನಿ ಬಾನುಲಿಗೆ ಹಿತವಲ್ಲವೆಂದು 1943ರಲ್ಲಿ ಮೇಲಧಿಕಾರಿಯೊಬ್ಬರು ಬರೆದ ಆಕ್ಷೇಪಣೆಯೂ ಉಳಿದಿದೆ. ಧ್ವನಿಯನ್ನು ದೂರಿದ ಕಾಗದವನ್ನು ಕಾಪಾಡಿದ ಕಚೇರಿಯು ಧ್ವನಿಯನ್ನು ಕಾಪಾಡಲಿಲ್ಲ! ಕಾಗದವು ಆಡಳಿತಕ್ಕೆ ಬೇಕಾದುದು. ಕಂಠವು ಯಾರ ಲೆಕ್ಕಕ್ಕೂ ಸೇರದುದು. ಸಾಧನವಿರಲಿಲ್ಲವೆನ್ನುವಂತೆಯೂ ಇಲ್ಲ. 1890ರಲ್ಲಿಯೇ ಮೇಣದ ಉರುಳೆಯ ಮೇಲೆ ಮುದ್ರಿತವಾದ ಕವಿ ಟೆನಿಸನ್ನರ ಧ್ವನಿಯು, ಸವೆದಿದ್ದರೂ, ಇಂದಿಗೂ ಕೇಳಿಬರುತ್ತದೆ.

ಶ್ರೋತೃಗಳು ನಮ್ಮವರೇ ಆಗಿದ್ದುದರಿಂದ, ಲಂಡನ್ನಿನ ಕಪಾಟುಗಳನ್ನು ಮಾತ್ರ ನೋಡಿ ಶೋಧನೆಯನ್ನು ಮುಗಿಸಲಾಗದು. ನಮ್ಮ ಹಳೆಯ ಬಾನುಲಿ ಉಗ್ರಾಣಗಳಲ್ಲಿ, ಸಂಗ್ರಾಹಕರ ಮನೆಗಳಲ್ಲಿ ಹೆಸರಿನ ಚೀಟಿಯಿಲ್ಲದ ತಟ್ಟೆಗಳಿದ್ದಲ್ಲಿ ಅವನ್ನು ಎಸೆಯುವ ಮೊದಲು ಕೇಳಿ ನೋಡಬೇಕು. ಧ್ವನಿಯ ಪರಿಚಯವಿಲ್ಲದಿದ್ದರೂ, ಅಚ್ಚಾದ ಭಾಷಣಗಳೊಡನೆ ಮಾತುಗಳನ್ನು ತಾಳೆನೋಡಿ ವ್ಯಕ್ತಿಯನ್ನು ಗುರುತಿಸಬಹುದು.

ಪರರ ನಷ್ಟಕ್ಕೆ ಮರುಗುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳತಕ್ಕದ್ದು. 1935ರಲ್ಲಿಯೇ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಸ್ಥಾಪಿಸಿದ ನಾಡು ನಮ್ಮದು. ನಮ್ಮ ಕವಿಗಳ, ವಿದ್ವಾಂಸರ ಕಂಠವನ್ನು ಹೊತ್ತ ಟೇಪುಗಳು ತೇವಕ್ಕೆ ಬೂಷ್ಟು ಹಿಡಿಯುತ್ತವೆ. ಕಾಲಕ್ರಮದಲ್ಲಿ ಅವುಗಳ ಲೇಪವೇ ಉದುರುತ್ತದೆ. ಅಧಿಕಾರಿಗಳು ಅವುಗಳ ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಇಡಿಸಬೇಕು. ಸಾಹಿತಿಗಳ ಮನೆಯವರೂ ತಮ್ಮಲ್ಲಿರುವುದನ್ನು ಮುಂದೆ ತರಬೇಕು. ಕಳೆದ ಕಂಠವನ್ನು ಹುಡುಕುವುದಕ್ಕೆ ತಲೆಮಾರುಗಳೇ ಸಾಲವು. ಇರುವುದನ್ನು ಉಳಿಸುವುದಕ್ಕೆ ಇಂದಿನ ಎಚ್ಚರವೇ ಸಾಕು.