ಸಿಪಾಯಿಯ ಕುಡಿತ: ಮನೆಯಾಕೆಯನ್ನೂ ಕೇಳಬೇಕು

ಗಡಿ ಕಾಯುವ ಸಿಪಾಯಿಗೆ ಸರ್ಕಾರವು ಒಂದು ಕೈಯಲ್ಲಿ ಅಗ್ಗದ ರಮ್ಮನ್ನು ನೀಡುತ್ತದೆ. ಇನ್ನೊಂದು ಕೈಯಲ್ಲಿ ಬೇಡಿ ಹಿಡಿದು ನಿಂತಿರುತ್ತದೆ. 1948ರಲ್ಲಿ ಆರಂಭವಾದ ಕ್ಯಾಂಟೀನ್ ಸ್ಟೋರ್ಸ್ ಇಲಾಖೆಯಿಂದ ಬರುವ ಮದ್ಯವು ಹುದ್ದೆಗೆ ತಕ್ಕಂತೆ ತಿಂಗಳಿಗೆ ಇಷ್ಟು ಬಾಟಲಿ ಎಂದು, ಪೇಟೆಯ ಧಾರಣೆಗಿಂತ ಕಡಿಮೆ ಬೆಲೆಗೆ, ಸೈನಿಕನ ಕೈಸೇರುತ್ತದೆ. ನಿವೃತ್ತನಾದ ಮೇಲೂ ಈ ಪಾಲು ತಪ್ಪುವುದಿಲ್ಲ. ಇತ್ತ 1950ರ ಸೈನ್ಯ ಕಾಯಿದೆಯ 48ನೇ ಕಲಮು, ಕೆಲಸದ ವೇಳೆ ಅಮಲಿನಲ್ಲಿ ಸಿಕ್ಕಿದ ಸಿಪಾಯಿಯನ್ನು 2 ವರ್ಷದವರೆಗೆ ಸೆರೆಗೆ ತಳ್ಳಬಹುದೆಂದು ಹೇಳುತ್ತದೆ. ಅತ್ತ ಸಂವಿಧಾನದ 47ನೇ ವಿಧಿಯು ಪಾನನಿರೋಧಕ್ಕಾಗಿ ಪ್ರಯತ್ನಿಸುವುದು ಸರ್ಕಾರದ ಕರ್ತವ್ಯವೆಂದು ಸಾರುತ್ತಿದೆ. ಈ ಮೂರನ್ನೂ ಒಟ್ಟಿಗೆ ಓದಿಕೊಂಡವನಿಗೆ ಸರ್ಕಾರದ ಮನಸ್ಸು ಯಾವುದೆಂದು ತಿಳಿಯುವುದು ಕಷ್ಟ.

ಸೈನ್ಯದ ಸುದ್ದಿ ನಮಗೇಕೆ ಎಂದು ಗಿರಣಿಯ ಬಂಧುಗಳು ಕೇಳಬಾರದು. ಸೈನ್ಯಕ್ಕೆ ಸೇರುವವರು ಜಮೀನ್ದಾರರ ಮಕ್ಕಳಲ್ಲ. ನಮ್ಮ ನಿಮ್ಮ ಮನೆಯ ಹುಡುಗರು. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬಂದು ಕಾರ್ಖಾನೆಯ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುವವರೂ ಅವರೇ. ಅವರಿಗೆ ಸಂಘ ಕಟ್ಟುವ ಹಕ್ಕಿಲ್ಲ, ಪತ್ರಿಕೆಗೆ ಬರೆಯುವ ಸ್ವಾತಂತ್ರ್ಯವಿಲ್ಲ. ಹಕ್ಕುಳ್ಳವರು ಅವರ ಪರವಾಗಿ ಮಾತನಾಡದಿದ್ದರೆ ಇನ್ನಾರು ಮಾತನಾಡಬೇಕು?

ಸಿಪಾಯಿ ವರ್ಷಗಟ್ಟಲೆ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲಾಗದ ನೆಲೆಗಳಲ್ಲಿ, ಬರಿಯ ಗಂಡಸರ ಬ್ಯಾರಕಿನಲ್ಲಿ ದಿನ ನೂಕುತ್ತಾನೆ. ಚಳಿ, ಬೇಸರ, ಊರಿನ ಚಿಂತೆ. ಅಲ್ಲಿ ಸಂಜೆಯ ಗ್ಲಾಸು ಸ್ನೇಹದ ಗುರುತಾಗುತ್ತದೆ. ರಜೆಯಲ್ಲಿ ಬಂದಾಗ ಟ್ರಂಕಿನೊಳಗೆ ಬಾಟಲಿಯೂ ಬರುತ್ತದೆ. ಊರಿನ ಹತ್ತು ಜನ ನೆಂಟರು ಅದರ ದಾರಿ ಕಾಯುತ್ತಿರುತ್ತಾರೆ. ಮೊದಲ ವಾರ ಹಬ್ಬ. ಆಮೇಲಿನದನ್ನು ನೋಡುವವಳು ಅವನ ಹೆಂಡತಿಯೊಬ್ಬಳೇ. ಕಳೆದ ರಜೆಯಲ್ಲಿ ಎಷ್ಟಿತ್ತು, ಈ ರಜೆಯಲ್ಲಿ ಎಷ್ಟಾಗಿದೆ ಎಂಬ ಲೆಕ್ಕ ಕಮಾಂಡರನಿಗೆ ಗೊತ್ತಿಲ್ಲ, ವೈದ್ಯನಿಗೆ ಗೊತ್ತಿಲ್ಲ, ಆಕೆಗೆ ಗೊತ್ತು. ಬಟವಾಡೆಯ ದಿನ ಗಿರಣಿಯ ಗೇಟಿನ ಹೊರಗೆ ಕಾದು ನಿಂತ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕುಡಿತವು ರೋಗವಾಗುವುದಕ್ಕೆ ಮೊದಲು ಅಪಾಯದ ಒಂದು ಹಂತವಿದೆ. ಅದನ್ನು ಕಂಡುಹಿಡಿಯಲು ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ 10 ಪ್ರಶ್ನೆಗಳ ಒಂದು ಪಟ್ಟಿಯನ್ನು ಹೊರಡಿಸಿತು. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ. ಅದರ ಕೊನೆಯ ಪ್ರಶ್ನೆ ಹೀಗೆ: ನಿಮ್ಮ ಕುಡಿತದ ಬಗ್ಗೆ ಬಂಧುಗಳಾಗಲಿ, ಗೆಳೆಯರಾಗಲಿ, ವೈದ್ಯರಾಗಲಿ ಕಳವಳಪಟ್ಟದ್ದುಂಟೇ? ಹೆಂಡತಿಯ ಕಳವಳವೇನೆಂದು ಗಂಡನನ್ನು ಕೇಳುತ್ತಾರೆ! ನೇರವಾಗಿ ಆಕೆಯನ್ನೇ ಕೇಳಿದರೆ ಆಗುವ ನಷ್ಟವೇನು?

ಕೇಳಿ ನೋಡಿದವರಿದ್ದಾರೆ. ಅಮೆರಿಕದ ಬ್ರಾಕ್ಟನ್ ಎಂಬಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ತಿಮೋತಿ ಓ'ಫ್ಯಾರೆಲ್ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳನ್ನು ಜೊತೆಗೇ ಕೂರಿಸಿ ಚಿಕಿತ್ಸೆ ನಡೆಸುವ ಪದ್ಧತಿಯನ್ನು ಬೆಳೆಸಿದರು. ಅದರಲ್ಲಿ ಮಂತ್ರ ತಂತ್ರವೇನೂ ಇಲ್ಲ. ದಿನಕ್ಕೊಮ್ಮೆ ಇಬ್ಬರೂ ಎದುರುಬದುರು ಕೂರಬೇಕು. ಇಂದು ಕುಡಿಯುವುದಿಲ್ಲವೆಂದು ಅವನು ಹೇಳಬೇಕು; ಅದಕ್ಕೆ ಆಕೆ ಮೆಚ್ಚುಗೆಯ ಒಂದು ಮಾತು ಹೇಳಬೇಕು. ಕ್ಯಾಲೆಂಡರಿನಲ್ಲಿ ಒಂದು ಗುರುತು. ಹಳೆಯ ಜಗಳವನ್ನು ಆ ಹೊತ್ತಿನಲ್ಲಿ ಎತ್ತಬಾರದು, ನಾಳೆಯ ಭಯವನ್ನೂ ಆಡಬಾರದು. ಒಬ್ಬನಿಗೇ ಉಪದೇಶ ಮಾಡಿ ಕಳಿಸಿದ್ದಕ್ಕಿಂತ ಈ ದಾರಿಯಲ್ಲಿ ಕುಡಿಯದ ದಿನಗಳು ಹೆಚ್ಚಿದವು, ಸಂಸಾರ ಮುರಿಯುವುದು ಕಡಿಮೆಯಾಯಿತೆಂದು ಪರೀಕ್ಷೆಗಳಿಂದ ತಿಳಿದಿದೆ. ನಮ್ಮ ಪಕ್ಕದ ಚೆನ್ನೈಯಲ್ಲೇ ಶಾಂತಿ ರಂಗನಾಥನ್ ಅವರು ಕುಡಿತಕ್ಕೆ ಪತಿಯನ್ನು ಕಳೆದುಕೊಂಡು, 1980ರಲ್ಲಿ ಸ್ಥಾಪಿಸಿದ ಚಿಕಿತ್ಸಾಲಯದಲ್ಲಿ ಮನೆಯವರಿಗೂ ಬೇರೆಯಾಗಿ ತರಬೇತಿಯಿದೆ. ಗಂಡ ಬರಲೊಪ್ಪದಿದ್ದರೆ? ಅಮೆರಿಕದ ಸೈನಿಕರ ಸಂಗಾತಿಗಳಿಗಾಗಿಯೇ ಅಂತರ್ಜಾಲದಲ್ಲಿ 4 ಪಾಠಗಳನ್ನು ಸಿದ್ಧಪಡಿಸಿ ನಡೆಸಿದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಪಾಠ ಕಲಿತ ಸಂಗಾತಿಗಳ ಆತಂಕವಾದರೂ ಇಳಿದಿತ್ತು. ಅದೇನು ಸಣ್ಣ ಲಾಭವಲ್ಲ.

ಆದರೆ ನಮ್ಮ ಸಿಪಾಯಿಯ ಹೆಂಡತಿ ಬಾಯಿ ಬಿಡುವುದಿಲ್ಲ. ಕಾರಣ ನಾಚಿಕೆಯಷ್ಟೇ ಅಲ್ಲ. ಕುಡಿತದ ಚಟವೆಂದು ದಾಖಲಾದರೆ ವೈದ್ಯಕೀಯ ಕೆಟಗರಿ ಇಳಿಯುತ್ತದೆ; ಕೆಟಗರಿ ಇಳಿದರೆ ಬಡ್ತಿಗೆ ಕಲ್ಲು ಬೀಳುತ್ತದೆ, ನೌಕರಿಯ ಅವಧಿಗೇ ಕುತ್ತು ಬರಬಹುದು. ಗಂಡನ ಹಿತಕ್ಕಾಗಿ ಆಡಿದ ಮಾತು ಮಕ್ಕಳ ಅನ್ನಕ್ಕೇ ಎರವಾಗುವುದಾದರೆ ಯಾವ ತಾಯಿ ಆಡಿಯಾಳು? ಈ ಭಯವನ್ನು ತೆಗೆಯದೆ ದಂಪತಿಗಳನ್ನು ಕರೆದು ಭಾಷಣ ಮಾಡಿದರೆ ಅದು ಬರಿಯ ಆಡಂಬರ. ಅಮೆರಿಕದ ಭೂಸೇನೆಯು 2009ರಲ್ಲಿ 3 ನೆಲೆಗಳಲ್ಲಿ ಮೇಲಧಿಕಾರಿಗೆ ವರದಿ ಹೋಗದಂತೆ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿತು. 2019ರಲ್ಲಿ, ತಾನಾಗಿ ಬಂದವನಿಗೆ ಶಿಕ್ಷೆಯ ಅಂಜಿಕೆಯಿಲ್ಲದೆ ಔಷಧೋಪಚಾರ ಸಿಗಬೇಕೆಂಬ ನಿಯಮವನ್ನೇ ತಂದಿತು. ಆ ದೇಶದ ಯುದ್ಧನೀತಿಯನ್ನು ನಾವು ಒಪ್ಪುವವರಲ್ಲ. ಆದರೆ ಈ ನಿಯಮ ನ್ಯಾಯವಾದುದು.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಹೆಂಡತಿಯನ್ನು ಸೇರಿಸಿಕೊಳ್ಳುವುದೆಂದರೆ ಹೊಣೆಯನ್ನು ಆಕೆಯ ತಲೆಗೆ ಕಟ್ಟುವುದಲ್ಲ. "ಅವಳು ಸರಿಯಿದ್ದಿದ್ದರೆ ಅವನೇಕೆ ಕುಡಿಯುತ್ತಿದ್ದ" ಎನ್ನುವ ಅತ್ತೆ ಮಾವಂದಿರ ಮಾತಿಗೆ ಸರ್ಕಾರದ ಮೊಹರು ಬೀಳಬಾರದು. ಆಕೆ ಬಾಟಲಿಯ ಪೊಲೀಸಳೂ ಅಲ್ಲ. ಹೊಡೆತ ಬಡಿತವಿರುವ ಮನೆಯಲ್ಲಂತೂ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತನಾಡಿಸುವುದು ಅಪಾಯ. ಅಲ್ಲಿ ಮೊದಲ ಕೆಲಸ ಆಕೆಯ ಮತ್ತು ಮಕ್ಕಳ ರಕ್ಷಣೆ.

ಆದ್ದರಿಂದ ನಮ್ಮ ಒತ್ತಾಯವಿದು. ಕ್ಯಾಂಟೀನಿನ ಬಾಟಲಿಗೆ ಕೊಡುವ ರಿಯಾಯಿತಿಯನ್ನು ಸಂಸಾರದ ವಸತಿಗೆ ತಿರುಗಿಸಲಿ. ಹೆಂಡತಿ ಮಕ್ಕಳೊಡನೆ ಇರುವ ಅವಕಾಶ ಅಧಿಕಾರಿಗಳಿಗೆ ಮಾತ್ರವಲ್ಲ, ಸಿಪಾಯಿಗೂ ಹೆಚ್ಚಾಗಿ ದೊರೆಯಲಿ. ರಜೆಯ ಹೊತ್ತಿನಲ್ಲಿ ಮತ್ತು ನಿವೃತ್ತಿಯ ಹೊಸ್ತಿಲಲ್ಲಿ, ಇಬ್ಬರೂ ಒಪ್ಪಿದರೆ, ದಂಪತಿಗಳ ಭೇಟಿಗೆ ಏರ್ಪಾಡಾಗಲಿ. ಅಲ್ಲಿ ಆಡಿದ ಮಾತು ಸೇವಾ ದಾಖಲೆಗೆ ಹೋಗಕೂಡದು. 2003ರಿಂದ ನಡೆದಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ ದವಾಖಾನೆಗಳಲ್ಲಿ ಕನ್ನಡ ಬಲ್ಲ ಸಲಹೆಗಾರ್ತಿಯರು ಇರಬೇಕು. ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಯಾವ ಮಾಜಿ ಸೈನಿಕನ ಮನೆಯ ಬಾಕಿ ಏರುತ್ತಿದೆಯೆಂದು ನಮ್ಮ ವ್ಯಾಪಾರಿ ಗೆಳೆಯರಿಗೆ ಎಲ್ಲರಿಗಿಂತ ಮೊದಲೇ ತಿಳಿದಿರುತ್ತದೆ; ಅವರೂ ಈ ಬೇಡಿಕೆಗೆ ಸಹಿ ಹಾಕಬೇಕು. ಪಕ್ಷದ ಶಾಖೆಗಳು ಸಹಿಗಳನ್ನು ಕೂಡಿಸಿ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಸಲ್ಲಿಸಲಿ; ಸಲ್ಲಿಸಲು ಹೋಗುವವರಲ್ಲಿ ಸೈನಿಕರ ಮನೆಯ ಹೆಣ್ಣುಮಕ್ಕಳೂ ಇರಲಿ.