ಬಿಡುವಿಗೂ ಬರ ಬಂದಿತೇ?

ಸ್ವೀಡನ್ ದೇಶದ ಜನರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಕೆಲಸವನ್ನು ನಿಲ್ಲಿಸುತ್ತಾರೆ. ಒಂದೆಡೆ ಕುಳಿತು ಕಾಫಿ ಕುಡಿದು, ಜತೆಗೊಂದು ಸಿಹಿತಿಂಡಿ ತಿಂದು, ನಾಲ್ಕು ಮಾತನಾಡಿ ಏಳುತ್ತಾರೆ. ಇದಕ್ಕೆ ಅವರಿಟ್ಟ ಹೆಸರು 'ಫೀಕಾ'. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಎಂಬ ಮಾತನ್ನೇ ಹಿಂದುಮುಂದಾಗಿಸಿ ಹುಟ್ಟಿಸಿದ ಪದವಿದು. ನಮ್ಮ ಮಕ್ಕಳಿಗೆ ಕರಿಹಲಗೆಯ ಮೇಲೆ ಎರಡೇ ಅಕ್ಷರಗಳಲ್ಲಿ ಬರೆದು ತೋರಿಸಬಹುದು. (ಹಿಂದಿಯಲ್ಲಿ ಫೀಕಾ ಎಂದರೆ ಸಪ್ಪೆ ಎಂದಾಗುವುದು ಆ ಜನರ ತಪ್ಪಲ್ಲ.) ನೆರೆಯ ಫಿನ್ಲೆಂಡಿನಲ್ಲಂತೂ ಕಾಫಿಯ ಬಿಡುವು ಕಾರ್ಮಿಕ ಒಪ್ಪಂದಗಳಲ್ಲಿಯೇ ಬರೆದಿಟ್ಟ ಹಕ್ಕು.

ಇತ್ತೀಚೆಗೆ ನಮ್ಮಲ್ಲಿಯೂ ಭಾಷಣಕಾರರು, ತರಬೇತಿ ಕೊಡುವವರು ಈ ಫೀಕಾವನ್ನು ಹೊಸ ವೇದವೆಂಬಂತೆ ಬಣ್ಣಿಸತೊಡಗಿದ್ದಾರೆ. ಬಣ್ಣಿಸಲಿ. ಆದರೆ ಅವರು ಮುಂದಿಡುವ ಕಾರಣವನ್ನು ಕೇಳಿದರೆ ಸುಮ್ಮನಿರಲಾಗದು. ಬಿಡುವು ಕೊಟ್ಟರೆ ಮನುಷ್ಯನು ಹೆಚ್ಚು ಕೆಲಸ ಮಾಡುತ್ತಾನಂತೆ! ಗಾಣದ ಎತ್ತಿಗೆ ಹುಲ್ಲು ಹಾಕುವವನ ಲೆಕ್ಕವೂ ಇದೇ ಅಲ್ಲವೇ? 1948ರ ಕಾರ್ಖಾನೆ ಕಾಯಿದೆಯು ಐದು ಗಂಟೆಗಳ ದುಡಿಮೆಯೊಳಗೆ ಅರ್ಧ ಗಂಟೆಯ ವಿಶ್ರಾಂತಿ ಸಿಗಬೇಕೆಂದು ವಿಧಿಸಿದ್ದು ಯಂತ್ರದ ಹುಟ್ಟುವಳಿ ಹೆಚ್ಚಲೆಂದಲ್ಲ, ಯಂತ್ರದ ಮುಂದೆ ನಿಂತವನು ಮನುಷ್ಯನೆಂದು. ಸ್ವೀಡನ್ನಿನವರಿಗೂ ಆ ಲೋಟ ಪುಕ್ಕಟೆಯಾಗಿ ಬಂದುದಲ್ಲ. ಅಲ್ಲಿಯ ಆಳುವವರು 1756ರಲ್ಲಿ ಕಾಫಿಯನ್ನೇ ನಿಷೇಧಿಸಿದರು. ಆಮೇಲೆಯೂ ಹಲವು ಸಲ ನಿಷೇಧಿಸಿದರು. ಜನರು ಬಿಡಲಿಲ್ಲ.

ಬಿಡುವನ್ನು ಕಲಿಯುವುದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ಹಳೆಯ ಮನೆಗಳಲ್ಲಿ, ಬಿಸಿಲಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯುವುದಕ್ಕೆ ಬೆಲ್ಲ ನೀರು, ಅನಂತರ ಎಲೆ ಅಡಿಕೆಯ ಹರಿವಾಣ. 'ಆಸರಿಂಗೆ ಎಂತ ಬೇಕು?' ಎಂದು ಹವ್ಯಕರ ಮನೆಯೊಡತಿ ಕೇಳಿದ ಮೇಲೆಯೇ ಬಂದ ಕಾರ್ಯದ ಪ್ರಸ್ತಾಪ. ಸಾಲ ಕೇಳಲು ಬಂದವನಿಗೂ, ಸಾಲ ವಸೂಲಿಗೆ ಬಂದವನಿಗೂ ಕ್ರಮ ಒಂದೇ.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೊಂಡಾಡುವವನು ನಾನಲ್ಲ. ಹರಿವಾಣವು ಜಗಲಿಗೆ ಬರುತ್ತಿದ್ದಾಗ ಅಂಗಳದಲ್ಲಿ ನಿಂತವನಿಗೆ ನೀರು ಗೆರಟೆಯಲ್ಲಿ ಬರುತ್ತಿತ್ತು. ಮಾತಿಗೆ ಅವನನ್ನು ಯಾರೂ ಕೂರಿಸುತ್ತಿರಲಿಲ್ಲ. ಒಳಗೆ ಬೆಲ್ಲ ಕುಟ್ಟುತ್ತಿದ್ದವಳಿಗೂ ಆ ಬಿಡುವಿನಲ್ಲಿ ಪಾಲಿರಲಿಲ್ಲ. ಎಲ್ಲರಿಗೂ ಒಂದೇ ಲೋಟ, ಒಂದೇ ಬೆಂಚು ಎಂದು ಮಾಡಿದ್ದು ಪೇಟೆಯ ಚಾದಂಗಡಿ, ಕಾಫಿ ಹೋಟೆಲು. ಅದೂ ಒಂದೇ ದಿನದಲ್ಲಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಟ್ಟಾಗ ಅವರನ್ನು ಸಹಕಾರ ಸಂಘಗಳಾಗಿ ಕಟ್ಟಿ ನಿಲ್ಲಿಸಿದವರು ಎ. ಕೆ. ಗೋಪಾಲನ್. ಮೊದಲನೆಯ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದೇ ವರ್ಷ ಅವರು ಲೋಕಸಭೆಗೆ ಆರಿಸಿ ಹೋದದ್ದು ನಮ್ಮ ಕಾಸರಗೋಡಿನಿಂದ. ಭಾಷೆಯ ಪ್ರಶ್ನೆಯಲ್ಲಿ ಅವರ ಪಕ್ಷದ ನಿಲುವು ನಮ್ಮವರಿಗೆ ಹಿಡಿಸದೆ ಹೋದದ್ದು ಬೇರೆ ಮಾತು.

ಈಗ ನಮ್ಮ ಶಾಲೆಗಳಿಗೆ ಬರೋಣ. 2025ರ ಜೂನಿನಲ್ಲಿ ಕೇರಳದ ಪ್ರೌಢಶಾಲೆಗಳ ದಿನವು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಎಂದು ಒಟ್ಟು ಅರ್ಧ ಗಂಟೆ ಬೆಳೆಯಿತು. ಕಲಿಕೆಯ ಗಂಟೆಗಳ ಲೆಕ್ಕ ತುಂಬಬೇಕೆಂದು ಒಂದು ಪಕ್ಷ. ಬೆಳಗಿನ ಮದ್ರಸಾ ತರಗತಿಗೆ ಅಡ್ಡಿಯಾಗುವುದೆಂದು ಇನ್ನೊಂದು ಪಕ್ಷ. ವಾದಗಳು ನಡೆದವು, ನಡೆಯಬೇಕಾದುದೇ. ಆದರೆ ನಡುವಿನ ಹತ್ತು ನಿಮಿಷದ ಬಿಡುವಿನ ಪರವಾಗಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಆ ಬಿಡುವು ಕಾಗದದ ಮೇಲೆ ಇದೆ, ಗಂಟೆಯೂ ಹೊಡೆಯುತ್ತದೆ. ಆದರೆ ಆ ಹೊತ್ತಿನಲ್ಲಿ ನಡೆಯುವುದೇನು? ಒಬ್ಬರು ಊಟದ ಲೆಕ್ಕವನ್ನು ಗಣಕದಲ್ಲಿ ತುಂಬುತ್ತಾರೆ. ಇನ್ನೊಬ್ಬರು ಮೇಲಿನಿಂದ ಕೇಳಿದ ಪಟ್ಟಿಯನ್ನು ಅವಸರದಲ್ಲಿ ಕಳುಹಿಸುತ್ತಾರೆ. ಉಳಿದವರು ಮೊಬೈಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾರೆ. ಚಾ ಬರುತ್ತದೆ, ನಿಂತಲ್ಲೇ ಮುಗಿಯುತ್ತದೆ. ಯಾರು ಯಾರೊಡನೆ ಮಾತನಾಡಿದರು? ಕೊನೆಯ ಗುಂಪಿನವರ ಮೇಲೆ ಯಾವ ಆಜ್ಞೆಯೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ದೋಚುವವರು ಹೊರಗಿನವರೆಂದು ದೂರುವ ನಾವು ಬಾಗಿಲನ್ನು ಒಳಗಿನಿಂದಲೇ ತೆರೆದಿಟ್ಟಿದ್ದೇವೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪವೇಕೆಂದು ಕೇಳುವವರಿದ್ದಾರೆ. ಗಡಿನಾಡಿನ ಕನ್ನಡ ಶಾಲೆಗೆ ಇದು ಸಣ್ಣ ವಿಷಯವಲ್ಲ. ನಮ್ಮ ತರಗತಿಯಲ್ಲಿ ಕುಳಿತ ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಮಲಯಾಳವೋ ಆಗಿರುತ್ತದೆ. ಹವ್ಯಕರ ಮಗುವಿನ ಕನ್ನಡವೂ ಪುಸ್ತಕದ ಕನ್ನಡವಲ್ಲ. ಪಾಠದ ಕನ್ನಡದಲ್ಲಿ ಪ್ರಶ್ನೆಯುಂಟು, ಉತ್ತರವುಂಟು, ಅಂಕವುಂಟು. ತಮಾಷೆ, ಜಗಳ, ಆಟದ ತಕರಾರು, ನಿನ್ನೆಯ ಯಕ್ಷಗಾನದ ಸುದ್ದಿ, ಇವಕ್ಕೆಲ್ಲ ಕನ್ನಡ ಒದಗಿಬರುವುದು ಗಂಟೆ ಹೊಡೆದ ಮೇಲೆ. ಅಧ್ಯಾಪಕರು ತಮ್ಮೊಳಗೆ ನಗುತ್ತ ಕನ್ನಡದಲ್ಲಿ ಮಾತನಾಡುವುದನ್ನು ಕಿಟಕಿಯ ಹೊರಗಿನಿಂದ ಕೇಳಿದ ಹುಡುಗನು ಯಾವ ವ್ಯಾಕರಣ ಪುಸ್ತಕವೂ ಕಲಿಸದುದನ್ನು ಕಲಿಯುತ್ತಾನೆ: ಇದು ದೊಡ್ಡವರು ಬದುಕುವ ಭಾಷೆ ಎಂಬುದನ್ನು.

1956ರ ನವೆಂಬರ 1ರಿಂದ ನಾವು ಹಕ್ಕಿಗಾಗಿ ಬರೆದ ಮನವಿಗಳಿಗೆ ಲೆಕ್ಕವಿಲ್ಲ. 2017ರ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಬೀದಿಗಿಳಿದೆವು. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳೇ ಪ್ರತಿಭಟಿಸಿದರು. ಸರಿಯಾಗಿಯೇ ಮಾಡಿದರು; ನೇಮಕವು ನ್ಯಾಯವಾಗಿ ನಡೆಯುವವರೆಗೆ ಆ ಕೂಗು ನಿಲ್ಲಕೂಡದು. ಆದರೆ ನೇಮಕವಾಗಿ ಬಂದು ಕುಳಿತವರೊಡನೆ ನಾವು ನಡೆದುಕೊಳ್ಳುವ ರೀತಿ ಯಾವುದು? ಹತ್ತು ಮಂದಿ ಕನ್ನಡಿಗರ ನಡುವೆ ಒಬ್ಬರು ಕನ್ನಡ ಅರಿಯದವರಿದ್ದರೆ ಹತ್ತು ಮಂದಿಯೂ ಮಲಯಾಳಕ್ಕೆ ಹೊರಳುತ್ತೇವೆ. ಇಲ್ಲವೇ ಅವರನ್ನು ಬಿಟ್ಟು ಬೇರೆ ಮೂಲೆಗೆ ಸರಿಯುತ್ತೇವೆ. ಮೊದಲನೆಯದನ್ನು ಸೌಜನ್ಯವೆನ್ನುತ್ತೇವೆ, ಎರಡನೆಯದನ್ನು ಅಭಿಮಾನವೆನ್ನುತ್ತೇವೆ. ಎರಡರಿಂದಲೂ ಅವರಿಗೆ ಕನ್ನಡ ಬಾರದು. ನಿತ್ಯವೂ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು, ನಿಧಾನವಾಗಿ, ತಪ್ಪಿಗೆ ನಗದೆ ಮಾತನಾಡಿದರೆ ವರ್ಷದ ಕೊನೆಗೆ ಬರುವುದು. ತರಬೇತಿ ಶಿಬಿರದಲ್ಲಿ ಆಗದ ಕೆಲಸ ಒಂದು ಲೋಟ ಕಣ್ಣ ಚಾದ ಮುಂದೆ ಆಗಬಹುದು.

ಮಕ್ಕಳನ್ನೂ ಮರೆಯಬಾರದು. ಮುಗಿಯದ ಟಿಪ್ಪಣಿಯನ್ನು ಬಿಡುವಿನಲ್ಲಿ ಬರೆಸುವ ಅಧ್ಯಾಪಕರು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಅವರನ್ನು ಶ್ರದ್ಧಾವಂತರೆಂದು ಹೊಗಳುವ ತಂದೆತಾಯಿಗಳೂ ಇದ್ದಾರೆ. ಮಗುವಿನ ಹತ್ತು ನಿಮಿಷವನ್ನು ಕೇಳದೆ ತೆಗೆದುಕೊಳ್ಳುವುದಕ್ಕೆ ಶ್ರದ್ಧೆಯೆಂಬ ಹೆಸರು ಒಪ್ಪುವುದಿಲ್ಲ.

ಮುಂದಿನ ಅಧ್ಯಾಪಕರ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ಹೇಳಬೇಕು: ಬಿಡುವಿನ ಗಂಟೆ ಹೊಡೆದ ಮೇಲೆ ಪಟ್ಟಿಯಿಲ್ಲ, ನೋಟೀಸಿಲ್ಲ, ಟಿಪ್ಪಣಿಯಿಲ್ಲ, ಮೊಬೈಲು ಚೀಲದೊಳಗೆ. ಚಾ ಅದಕ್ಕೆ ಮೊದಲೇ ಮೇಜಿನ ಮೇಲೆ ಬಂದಿರಬೇಕು; ಎಲ್ಲರೂ ಕೂರಬೇಕು, ಗುಮಾಸ್ತರೂ ಅಡುಗೆಯಾಕೆಯೂ ಸೇರಿ. ಲೋಟ ತೊಳೆಯುವುದಕ್ಕೆ ಸರದಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸತಕ್ಕದ್ದು. ಅದರಲ್ಲಿ ಮೊದಲನೆಯ ಹೆಸರು ಮುಖ್ಯೋಪಾಧ್ಯಾಯರದೇ ಇರಲಿ.