ರೈತನ ಫೋಟೋ ತೋರಿಸಿ ನಮಗೆ ಧೈರ್ಯ ಹೇಳಬೇಡಿ

2025ರ ಸೆಪ್ಟೆಂಬರ್ ಕೊನೆಯ ವಾರ. ನಮ್ಮ ಆಫೀಸಿನಲ್ಲಿ ಎಲ್ಲರನ್ನೂ ಒಂದು ಹಾಲ್‌ಗೆ ಕರೆದು ಮಾನಸಿಕ ಆರೋಗ್ಯದ ಬಗ್ಗೆ ಒಂದು ಗಂಟೆ ಭಾಷಣ ಕೊಡಿಸಿದರು. ಪರದೆ ಮೇಲೆ ಒಬ್ಬ ರೈತನ ಫೋಟೋ. ತಲೆಗೆ ರುಮಾಲು, ಕಣ್ಣು ಆಕಾಶದ ಕಡೆ. ಭಾಷಣಕಾರರು ಹೇಳಿದರು: ‘ಇವರಿಗೆ ನಾಳೆ ಮಳೆ ಬರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ಬಿತ್ತುತ್ತಾರೆ. ನಿಮ್ಮ ಹಾಗೆ ಟೆನ್ಷನ್ ಮಾಡ್ಕೊಳ್ಳಲ್ಲ. ಅನಿಶ್ಚಿತತೆಯನ್ನು ಅಪ್ಪಿಕೊಳ್ಳಿ.’

ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಟೇಬಲ್ ಕೆಳಗೆ ಮೊಬೈಲ್ ಹಿಡಿದು, ಉಜನಿ ಡ್ಯಾಮಿನಿಂದ ಭೀಮೆಗೆ ಎಷ್ಟು ನೀರು ಬಿಟ್ಟಿದ್ದಾರೆ ಅಂತ ನೋಡ್ತಾ ಕೂತಿದ್ದೆ. ನಮ್ಮ ಊರು ಅಫಜಲಪುರ ತಾಲ್ಲೂಕಿನಲ್ಲಿ, ಹೊಳೆ ದಂಡೆ ಮೇಲೆ. ಸೋಲಾಪುರದ ಕಡೆ ಮಳೆ ಹುಯ್ದರೆ ನಮ್ಮ ಹೊಲಕ್ಕೆ ನೀರು ಬರುತ್ತೆ, ನಮ್ಮಲ್ಲಿ ಹನಿ ಬೀಳದಿದ್ದರೂ. 2020ರ ಅಕ್ಟೋಬರ್‌ನಲ್ಲಿ ಬಂದಿತ್ತು. ಆ ವಾರ ಮತ್ತೆ ಬಂತು.

ಮೊದಲು ಆ ಫೋಟೋದ ಸುಳ್ಳಿನ ಬಗ್ಗೆ ಹೇಳ್ತೀನಿ. ರೈತ ಟೆನ್ಷನ್ ಮಾಡ್ಕೊಳ್ಳಲ್ಲ ಅಂದವರು ಯಾರು? ಸೆಪ್ಟೆಂಬರ್‌ನಲ್ಲಿ ನಮ್ಮಪ್ಪ ರಾತ್ರಿ ಎರಡು ಸಲ ಎದ್ದು ಬ್ಯಾಟರಿ ಹಿಡಿದು ಹೊಳೆ ಕಡೆ ಹೋಗಿ ಬರ್ತಾನೆ. ತಂಗಿಯನ್ನು ಆಳಂದ ಕಡೆ ಕೊಟ್ಟಿದ್ದೀವಿ. ಅಲ್ಲಿ ಹೊಳೆಯ ಭಯ ಇಲ್ಲ, ನೆಟೆ ರೋಗದ ಭಯ ಇದೆ. ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ನಿಂತಂತೆಯೇ ಒಣಗುತ್ತೆ. ಸೋದರಮಾವ ಇರೋದು ಜೇವರ್ಗಿ ತಾಲ್ಲೂಕಿನಲ್ಲಿ. ಅವನ ತೊಗರಿ ಮನೆಗೆ ಬಂದ ಮೇಲೆ ಅವನ ನಿದ್ದೆ ಹೋಗುತ್ತೆ: ಈಗ ಮಾರಲೋ, ಇಡಲೋ? 2024ರ ನಡುವಿನಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿದ್ದ ತೊಗರಿ, 2025ರ ಆರಂಭದಲ್ಲಿ ಬೆಂಬಲ ಬೆಲೆ 7,550ರ ಆಸುಪಾಸಿಗೆ ಇಳಿಯಿತು. ಇನ್ನೂ ಏರುತ್ತೆ ಅಂತ ಚೀಲ ಒಟ್ಟಿ ಇಟ್ಟವರ ಮುಖ ನಾನು ನೋಡಿದ್ದೀನಿ. ಅಪ್ಪಿಕೊಂಡ ಮುಖ ಅಲ್ಲ ಅದು.

ಹಾಗಾದರೆ ಚಿಂತೆ ಮಾಡೋದೇ ಸರಿ ಅಂತೀಯಾ ಅಂದರೆ, ಅದೂ ಅಲ್ಲ. ಇಲ್ಲಿ ನನ್ನ ಜುಟ್ಟನ್ನೂ ಹಿಡಿಯಬೇಕು.

ಕೆನಡಾದ ಕ್ವಿಬೆಕ್‌ನಲ್ಲಿ ಮಿಶೆಲ್ ಡ್ಯೂಗಾ, ಮಾರ್ಕ್ ಫ್ರೀಸ್ಟನ್, ರಾಬರ್ಟ್ ಲಾಡುಸೂರ್ ಮುಂತಾದ ಮನಃಶಾಸ್ತ್ರಜ್ಞರು 1990ರ ದಶಕದಲ್ಲಿ ಒಂದು ಪ್ರಶ್ನೆ ಹಿಡಿದರು: ಜನ ಯಾಕೆ ಚಿಂತೆ ಮಾಡ್ತಾರೆ? ಅವರಿಗೆ ಸಿಕ್ಕ ಒಂದು ಮುಖ್ಯ ಎಳೆ ಇದು. ಅತಿಯಾಗಿ ಚಿಂತಿಸುವವರಿಗೆ ಕೆಟ್ಟದ್ದಷ್ಟೇ ಅಲ್ಲ, ‘ಗೊತ್ತಿಲ್ಲ’ ಅನ್ನುವ ಸ್ಥಿತಿಯೇ ತಡೆಯಲು ಆಗಲ್ಲ. ಆ ಗೊತ್ತಿಲ್ಲದ ಜಾಗವನ್ನು ತುಂಬೋಕೆ ಮನಸ್ಸು ‘ಹೀಗಾದ್ರೆ? ಹಾಗಾದ್ರೆ?’ ಅಂತ ಓಡುತ್ತೆ. ಚಿಂತೆ ಅಂದರೆ ಖಚಿತತೆಯನ್ನು ಮುಂಗಡ ಕೊಟ್ಟು ಕೊಳ್ಳುವ ಪ್ರಯತ್ನ. ಸರಕು ಮಾತ್ರ ಬರೋದಿಲ್ಲ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್ ಆಟದಲ್ಲಿ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಷ್ಟು ಶಾಕ್. ಶಾಕ್ ಬಂದೇ ಬರುತ್ತೆ ಅಂತ ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗಿನ ಒತ್ತಡ ಹೆಚ್ಚಿತ್ತು. ಏಟಿಗಿಂತ ಏಟು ಬೀಳಬಹುದು ಅನ್ನೋದು ಭಾರ.

ಆ ವಾರ ನಾನು ಮಾಡಿದ್ದೇನು? ದಿನಕ್ಕೆ ಹತ್ತು ಸಲ ಮನೆಗೆ ಫೋನ್. ‘ಅಪ್ಪಾ, ನೀರು ಎಲ್ಲಿತನಾ ಬಂದದ?’ ಅವನು ‘ಇನ್ನಾ ದೂರ ಅದ’ ಅಂದರೆ ಐದು ನಿಮಿಷ ಸಮಾಧಾನ. ಆರನೇ ನಿಮಿಷಕ್ಕೆ ಮತ್ತೆ ಹೊಟ್ಟೆಯಲ್ಲಿ ಸಂಕಟ, ಮತ್ತೆ ಸೊನ್ನ ಬ್ಯಾರೇಜಿನ ಸುದ್ದಿ ಹುಡುಕಾಟ. ಪ್ರತಿ ಫೋನೂ ನನ್ನ ಮನಸ್ಸಿಗೆ ಒಂದೇ ಪಾಠ ಕಲಿಸ್ತಿತ್ತು: ಗೊತ್ತಿಲ್ಲದೆ ನೀನು ಹತ್ತು ನಿಮಿಷವೂ ಬದುಕಲಾರೆ. ಕೊನೆಗೆ ಅಪ್ಪನೇ ರೇಗಿದ: ‘ತಮ್ಮಾ, ನೀ ಹತ್ತು ಸಲ ಕೇಳಿದ್ರ ಹೊಳಿ ಇಳಿತದೇನು? ನೀರು ಬಂದ್ರ ನಾನೇ ಹೇಳ್ತೀನಿ. ಉಂಡು ಮಲ್ಕೊ.’

ಅವನೂ ಮಲಗಿರಲಿಲ್ಲ. ಆದರೆ ಅವನ ಚಿಂತೆಗೆ ಕೈಕಾಲು ಇತ್ತು. ದನ ಎತ್ತರದ ಜಾಗಕ್ಕೆ ಹೊಡೆದಿದ್ದ, ಕಾಳಿನ ಚೀಲ ಅಟ್ಟಕ್ಕೆ ಏರಿಸಿದ್ದ. ಪ್ರತಿ ವರ್ಷ ತೊಗರಿ ಸಾಲಿನ ನಡುವೆ ಹೆಸರೋ ಉದ್ದೋ ಹಾಕ್ತಾನೆ, ಒಂದು ಹೋದರೆ ಇನ್ನೊಂದು ಇರಲಿ ಅಂತ. ಅದು ಅಪ್ಪಿಕೊಳ್ಳೋದೂ ಅಲ್ಲ, ನಿಶ್ಚಿಂತೆಯೂ ಅಲ್ಲ. ಗೊತ್ತಿಲ್ಲ ಅನ್ನೋದನ್ನು ಒಪ್ಪಿಕೊಂಡು ಕೈಲಾದದ್ದನ್ನು ಮಾಡೋದು. ನನ್ನ ಚಿಂತೆಗೆ ಬರೀ ಬೆರಳಿತ್ತು, ಸ್ಕ್ರೀನ್ ಉಜ್ಜೋಕೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಆ ಭಾಷಣಕಾರರ ಪಾರ್ಟಿಯೇ. ನನ್ನ ನಿಜವಾದ ತಕರಾರು ಮುಂದಿದೆ.

ಎಲ್ಲ ಅನಿಶ್ಚಿತತೆ ಒಂದೇ ಅಲ್ಲ. ಮಳೆಯದ್ದು ಒಂದು ಬಗೆ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಇನ್ನೊಂದು, ಯಾರಿಗೋ ಗೊತ್ತಿದ್ದು, ಅಥವಾ ಯಾರೋ ತೀರ್ಮಾನಿಸಬೇಕಾಗಿದ್ದು, ನಮಗೆ ಹೇಳದೆ ಇರೋದು. ವಿದೇಶದಿಂದ ಮುಕ್ತವಾಗಿ ತೊಗರಿ ತರಿಸಲು 2021ರಿಂದ ಬಿಟ್ಟ ಬಾಗಿಲನ್ನು, ಗಡುವು ಹತ್ತಿರ ಬಂದ ಹಾಗೆಲ್ಲ ಮುಂದೂಡುತ್ತಾ ಬಂದಿದ್ದಾರೆ. 2025ರ ಜನವರಿಯಲ್ಲಿ, ನಮ್ಮ ಕಡೆ ರಾಶಿ ನಡೆದಿರುವಾಗಲೇ, ಅದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. ಪೇಟೆಯವರಿಗೆ ಅಗ್ಗದ ಬೇಳೆ ಬೇಕು, ಒಪ್ತೀನಿ. ನಾನೂ ಕೊಂಡು ತಿನ್ನುವವನೇ. ಆದರೆ ಜೂನ್‌ನಲ್ಲಿ ಬಿತ್ತುವವನಿಗೆ ಜನವರಿಯ ನಿಯಮ ಏನಿರುತ್ತೆ ಅಂತ ಮೊದಲೇ ಹೇಳೋಕೆ ಯಾವ ಮೋಡ ಅಡ್ಡ ಬಂದಿತ್ತು? ನಮ್ಮ ಮಾವನ ಎದೆಬಡಿತಕ್ಕೆ ಪ್ರಾಣಾಯಾಮ ಮದ್ದಲ್ಲ. ಒಂದು ತಾರೀಕು ಸಾಕು.

ಆಫೀಸಿನಲ್ಲೂ ಇದೇ ಕತೆ. ಆ ಭಾಷಣ ಯಾಕೆ ಇಟ್ಟರು ಗೊತ್ತಾ? ಮೂರು ತಿಂಗಳಿಂದ ಕೆಲಸದಿಂದ ತೆಗೀತಾರೆ ಅನ್ನೋ ಗಾಳಿಸುದ್ದಿ. ಯಾರನ್ನು, ಯಾವಾಗ, ಎಷ್ಟು ಜನರನ್ನು, ಯಾರೂ ಬಾಯಿ ಬಿಡಲ್ಲ. ಮನೆ ಸಾಲದ ಕಂತು ಕಟ್ಟುವವರು, ಬಸುರಿ ಹೆಂಡತಿ ಇರುವವರು, ಊರಿಗೆ ದುಡ್ಡು ಕಳಿಸುವವರು ಎಲ್ಲ ಆ ಕಲ್ಲಿನ ಕೆಳಗಿನ ಹಾವಿನ ಆಟ ಆಡ್ತಿದ್ದೀವಿ. ಕಲ್ಲು ಎತ್ತಿ ತೋರಿಸಬಲ್ಲವರೇ ವೇದಿಕೆ ಮೇಲೆ ಒಬ್ಬರನ್ನು ನಿಲ್ಲಿಸಿ ‘ಸಹಿಸೋದು ಕಲೀರಿ’ ಅಂತ ಹೇಳಿಸ್ತಾರೆ. ಗುಟ್ಟು ಇಟ್ಟುಕೊಂಡವರು ನಮಗೆ ತಾಳ್ಮೆ ಬೋಧಿಸೋದು ಬೋಧನೆ ಅಲ್ಲ, ಜಾರಿಕೊಳ್ಳೋದು.

ಚಿಂತೆ ತಿಂಗಳುಗಟ್ಟಲೆ ಬಿಡದೆ ನಿದ್ದೆ, ಊಟ, ಕೆಲಸ ಎಲ್ಲ ಕೆಡಿಸಿದ್ದರೆ ಅದು ನಿಮ್ಮ ಸೋಲಲ್ಲ, ಚಿಕಿತ್ಸೆ ಇರುವ ತೊಂದರೆ. ವೈದ್ಯರ ಹತ್ತಿರ ಹೋಗಿ; ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ದುಡ್ಡೂ ಬೇಕಿಲ್ಲ. ಉಳಿದ ನಮಗೆಲ್ಲ ಒಂದು ಪ್ರಶ್ನೆ ಸಾಕು: ಇದು ಯಾರಿಗೂ ಗೊತ್ತಿಲ್ಲದ್ದೋ, ನನಗೆ ಹೇಳದ್ದೋ? ಮೊದಲನೆಯದಾದರೆ ಕೈಲಾದದ್ದು ಮಾಡಿ ಮೊಬೈಲ್ ಕೆಳಗಿಡಿ. ಎರಡನೆಯದಾದರೆ ಕೇಳಿ. ಒಬ್ಬರೇ ಅಲ್ಲ, ಕೂಡಿ ಕೇಳಿ.

ನಾನು ಈಗ ಊರಿಗೆ ದಿನಕ್ಕೆ ಒಂದೇ ಫೋನ್ ಮಾಡ್ತೀನಿ, ರಾತ್ರಿ ಎಂಟಕ್ಕೆ. ಮೊದಲ ವಾರ ಕೈ ನಡುಗಿದ್ದು ಸುಳ್ಳಲ್ಲ. ಆ ಸಲ ನಮ್ಮ ಕೆಳಗಿನ ಹೊಲ ಮುಳುಗಿತು, ಮೇಲಿನದ್ದು ಉಳಿಯಿತು. ನಾನು ಮಾಡಿದ ಯಾವ ಫೋನಿನಿಂದಲೂ ಅದು ಬದಲಾಗಲಿಲ್ಲ. ಆಫೀಸಿನಲ್ಲಿ ನಾವು ಹನ್ನೊಂದು ಜನ ಸೇರಿ ಒಂದು ಮೇಲ್ ಬರೆದೆವು: ತೆಗೆಯೋದಿದ್ದರೆ ತಾರೀಕು ಹೇಳಿ, ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಿ. ಉತ್ತರ ಇನ್ನೂ ಬಂದಿಲ್ಲ. ಈ ಉತ್ತರಕ್ಕಾಗಿ ಮಾತ್ರ ನಾನು ಮತ್ತೆ ಮತ್ತೆ ಕೇಳೋನೇ. ಹೊಳೆಗೆ ಕಿವಿ ಇಲ್ಲ, ಇವರಿಗೆ ಇದೆ.